ಹಲ್ಲಿನ ಲ್ಯಾಬಿಗೆ ಬಹೂಪಯೋಗಿ ಕಟ್ಟರ್: ಯಾವ ವಿನ್ಯಾಸ, ಯಾವ ಕೆಲಸಕ್ಕೆ

ಗದಗ, ಹಾವೇರಿ ಕಡೆಯ ದಂತವೈದ್ಯರು ಬೆಳಗಿನ ಬಸ್ಸಿಗೆ ಹಾಕಿದ ಪೊಟ್ಟಣಗಳನ್ನು ಹುಬ್ಬಳ್ಳಿಯ ನಮ್ಮ ಲ್ಯಾಬಿನಲ್ಲಿ ಬಿಚ್ಚಿದಾಗ ಒಂದೇ ಮೇಜಿನ ಮೇಲೆ ನಾಲ್ಕು ಬಗೆಯ ವಸ್ತುಗಳು ಬಂದು ಕೂಡುತ್ತವೆ. ಪ್ಲಾಸ್ಟರಿನ ಮಾದರಿ, ಅಕ್ರಿಲಿಕ್ಕಿನ ಪೂರ್ಣ ಸೆಟ್ (ಕಟ್ಟಿಸಿದ ಹಲ್ಲುಗಳು), ಕೋಬಾಲ್ಟ್-ಕ್ರೋಮ್ ಎರಕದ ಚೌಕಟ್ಟು, ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್ಕಿನ ಕ್ಯಾಪ್. ಇವೆಲ್ಲವನ್ನೂ ಕೊರೆದು, ಸವೆಸಿ, ಅಂಚು ತಿದ್ದುವ ಮೈಕ್ರೋಮೋಟರ್, ಅಂದರೆ ಕೈಯಲ್ಲಿ ಹಿಡಿಯುವ ಸಣ್ಣ ಮೋಟರ್, ಒಂದೇ. ಬದಲಾಗುವುದು ಅದರ ಬಾಯಿಗೆ ಸಿಕ್ಕಿಸುವ ಬರ್, ಅಂದರೆ ತಿರುಗುತ್ತ ಕತ್ತರಿಸುವ ಸಣ್ಣ ಕಟ್ಟರ್, ಮಾತ್ರ. ಹೀಗಿರುವಾಗ ‘ಎಲ್ಲಕ್ಕೂ ಒಂದೇ ಬರ್’ ಎಂದು ಯಾರಾದರೂ ತಂದು ತೋರಿಸಿದರೆ ಕೈ ತಾನಾಗಿ ಅದರತ್ತ ಹೋಗುವುದು ಸಹಜ. ಇಪ್ಪತ್ತು ವರ್ಷಗಳಿಂದ ಇದೇ ಮೇಜಿನ ಮುಂದೆ ಕುಳಿತಿರುವ ನನ್ನ ತೀರ್ಮಾನ ಇಷ್ಟು: ಬಹೂಪಯೋಗಿತ್ವವನ್ನು ಬರ್‌ನ ಆಕಾರದಲ್ಲಿ ಹುಡುಕಬೇಕು, ಅದು ಕತ್ತರಿಸುವ ವಸ್ತುಗಳ ಪಟ್ಟಿಯಲ್ಲಿ ಹುಡುಕಬಾರದು. ಒಂದೇ ಆಕಾರ ಹತ್ತು ಜಾಗಗಳಲ್ಲಿ ದುಡಿಯಬಹುದು. ಆದರೆ ಒಂದೇ ಬರ್ ಲೋಹಕ್ಕೂ ಅಕ್ರಿಲಿಕ್ಕಿಗೂ ದುಡಿಯಬಾರದು. ಈ ಮಾತಿಗೆ ಕಾರಣಗಳನ್ನು ಕೆಳಗೆ ಬಿಡಿಸಿ ಹೇಳುತ್ತೇನೆ. ಕೊಳ್ಳುವವರಿಗಷ್ಟೇ ಅಲ್ಲ, ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಸಣ್ಣ ಉಪಕರಣಗಳನ್ನು ಮಾಡುವವರಲ್ಲಿ ಯಾರಿಗಾದರೂ ಇಂಥದ್ದೊಂದನ್ನು ವಿನ್ಯಾಸ ಮಾಡುವ ಮನಸ್ಸಿದ್ದರೆ ಅವರಿಗೂ ಇದು ಉಪಯೋಗಕ್ಕೆ ಬಂದೀತು.

ಕಾರ್ಬೈಡ್, ವಜ್ರ, ಕಲ್ಲು

ಲ್ಯಾಬಿನ ಬರ್‌ಗಳಲ್ಲಿ ಮುಖ್ಯವಾದದ್ದು ಟಂಗ್‌ಸ್ಟನ್ ಕಾರ್ಬೈಡ್. ನಮ್ಮ ಕಡೆಯ ಲೇತ್ ಕೆಲಸಗಾರರು ಇದನ್ನು ‘ವಿಡಿಯಾ’ ಎಂದೇ ಕರೆಯುತ್ತಾರೆ. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಈ ವಸ್ತುವನ್ನು ‘ವಜ್ರದಂತೆ’ ಎಂಬ ಅರ್ಥದ ಜರ್ಮನ್ ಮಾತಿನಿಂದ ಕಟ್ಟಿದ ವಿಡಿಯಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆ ಹೆಸರೇ ನಮ್ಮ ವರ್ಕ್‌ಶಾಪ್‌ಗಳವರೆಗೂ ಬಂದು ನೆಲೆಸಿದೆ. ಟಂಗ್‌ಸ್ಟನ್ ಕಾರ್ಬೈಡಿನ ಅತಿ ಸಣ್ಣ ಹರಳುಗಳನ್ನು ಕೋಬಾಲ್ಟ್ ಎಂಬ ಲೋಹದ ಅಂಟಿನಲ್ಲಿ ಕೂಡಿಸಿ, ಒತ್ತಿ, ಭಾರೀ ಉಷ್ಣತೆಯಲ್ಲಿ ಗಟ್ಟಿಗೊಳಿಸಿದರೆ ಸಿಗುವ ವಸ್ತು ಇದು. ಬೋರ್‌ವೆಲ್ ಕೊರೆಯುವ ಬಿಟ್ಟಿನ ಮುಖದಲ್ಲಿ ಕಾಣುವ ಗುಂಡಿಗಳೂ ಇದೇ ಕುಲದವು. ವಿಕರ್ಸ್ ಅಳತೆಯಲ್ಲಿ ಇದರ ಗಡಸುತನ ಸುಮಾರು 1,400ರಿಂದ 1,800. ಕೋಬಾಲ್ಟ್-ಕ್ರೋಮ್ ಎರಕದ್ದು 350–400ರ ಆಸುಪಾಸು. ಅಕ್ರಿಲಿಕ್ಕಿನದು 20ರ ಹತ್ತಿರ. ಈ ಮೂರು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾರ್ಬೈಡ್ ಎರಡನ್ನೂ ಕತ್ತರಿಸಬಲ್ಲದು ಎಂಬುದು ತಿಳಿಯುತ್ತದೆ. ಆ ಎರಡರ ನಡುವಿನ ಅಂತರ ಎಷ್ಟು ದೊಡ್ಡದು ಎಂಬುದೂ ತಿಳಿಯುತ್ತದೆ. ಬಹೂಪಯೋಗಿ ಬರ್‌ನ ಕಷ್ಟವೆಲ್ಲ ಈ ಅಂತರದಲ್ಲೇ ಅಡಗಿದೆ.

ವಜ್ರದ ಬರ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ವಜ್ರದ ಕಣಗಳು ನಿಕಲ್ ಲೇಪನದಲ್ಲಿ ಒಂದೇ ಪದರವಾಗಿ ಕೂತಿರುತ್ತವೆ. ಆ ಪದರ ಸವೆದರೆ ಬರ್‌ನ ಆಯುಷ್ಯ ಮುಗಿಯಿತು. ಇನ್ನೊಂದರಲ್ಲಿ, ಅಂದರೆ ಸಿಂಟರ್ ಮಾಡಿದ (ಪುಡಿಯನ್ನು ಒತ್ತಿ ಕಾಯಿಸಿ ಗಟ್ಟಿಗೊಳಿಸಿದ) ಬರ್‌ನಲ್ಲಿ, ತಲೆಯ ಒಳಗೆಲ್ಲ ವಜ್ರದ ಕಣಗಳು ಬೆರೆತಿರುವುದರಿಂದ ಮೇಲಿನದು ಸವೆದಂತೆ ಕೆಳಗಿನದು ಹೊರಬರುತ್ತದೆ, ಮುಖ ಮುಚ್ಚಿಕೊಂಡರೆ ಡ್ರೆಸ್ಸಿಂಗ್ ಕಲ್ಲಿಗೆ ಉಜ್ಜಿ ಮತ್ತೆ ತೆರೆಯಬಹುದು. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಪಿಂಗಾಣಿಗೆ ಮತ್ತು ಪೂರ್ತಿ ಸುಟ್ಟು ಗಟ್ಟಿಯಾದ ಜಿರ್ಕೋನಿಯಾಕ್ಕೆ ವಜ್ರವೇ ಬೇಕು, ಅದರಲ್ಲೂ ಜಿರ್ಕೋನಿಯಾಕ್ಕೆ ನೀರು ಸಿಂಪಡಿಸುವ ಲ್ಯಾಬ್ ಟರ್ಬೈನ್ (ಗಾಳಿಯ ಒತ್ತಡದಿಂದ ತಿರುಗುವ ಹತಾರ) ಇದ್ದರೆ ಒಳ್ಳೆಯದು; ಒಣಗಿಸಿ ಉಜ್ಜಿದರೆ ಕಣ್ಣಿಗೆ ಕಾಣದ ಬಿರುಕುಗಳು ಉಳಿಯುತ್ತವೆ. ಆದರೆ ಅದೇ ವಜ್ರದ ಬರ್ ಅನ್ನು ಅಕ್ರಿಲಿಕ್ಕಿಗೆ ಹಿಡಿದು ನೋಡಿ: ಅರೆಗಳಿಗೆಯಲ್ಲಿ ಕಣಗಳ ಸಂದಿಯೆಲ್ಲ ಗುಲಾಬಿ ಪುಡಿಯಿಂದ ಮೆತ್ತಿಕೊಂಡು, ಬರ್ ಕತ್ತರಿಸುವುದನ್ನು ಬಿಟ್ಟು ಉಜ್ಜಲು ತೊಡಗುತ್ತದೆ.

ಕಲ್ಲುಗಳ ಬಗ್ಗೆ ಒಂದೇ ಎಚ್ಚರಿಕೆ ಸಾಕು. ಪಿಂಗಾಣಿ ಏರಿಸಬೇಕಾದ ಲೋಹದ ಕ್ಯಾಪಿಗೆ ಹಸಿರು ಬಣ್ಣದ ಸಿಲಿಕಾನ್ ಕಾರ್ಬೈಡ್ ಕಲ್ಲು ಬಳಸಬೇಡಿ. ಅದರ ಕಣಗಳು ಲೋಹದಲ್ಲಿ ಹೂತು, ಮುಂದೆ ಕುಲುಮೆಯಲ್ಲಿ ಅನಿಲ ಬಿಟ್ಟು, ಪಿಂಗಾಣಿಯಲ್ಲಿ ಗುಳ್ಳೆ ಎಬ್ಬಿಸುತ್ತವೆ. ಅಲ್ಲಿಗೆ ಲೋಹಕ್ಕೆಂದೇ ಮೀಸಲಿಟ್ಟ ಕಾರ್ಬೈಡ್ ಅಥವಾ ಶುದ್ಧವಾದ ಅಲ್ಯುಮಿನಿಯಂ ಆಕ್ಸೈಡ್ ಕಲ್ಲು ಇರಲಿ, ಮತ್ತು ಕೈ ಒಂದೇ ದಿಕ್ಕಿನಲ್ಲಿ ನಡೆಯಲಿ. ಹಿಂದೆ ಮುಂದೆ ಉಜ್ಜಿದರೆ ಮೃದು ಲೋಹ ಮಡಚಿ ಬಿದ್ದು ಕೆಳಗೆ ಕಸ ಸೇರಿಕೊಳ್ಳುತ್ತದೆ.

ಅಲಗು, ತೋಡು ಮತ್ತು ತುರಿ

ಕಾರ್ಬೈಡ್ ಬರ್‌ನ ತಲೆಯನ್ನು ಬರಿಗಣ್ಣಿಗೆ ಬದಲು ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ಒಮ್ಮೆ ನೋಡಬೇಕು. ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಸುತ್ತಿದ ಅಲಗುಗಳು, ಎರಡು ಅಲಗುಗಳ ನಡುವೆ ತೋಡು. ಕತ್ತರಿಸುವುದು ಅಲಗು ಎಂಬುದು ಎಲ್ಲರಿಗೂ ಗೊತ್ತು. ಆದರೆ ಬರ್ ಒಳ್ಳೆಯದೋ ಅಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ತೋಡು. ನಿಮಿಷಕ್ಕೆ 15,000 ಸುತ್ತು ಎಂದರೆ ಸೆಕೆಂಡಿಗೆ 250 ಸುತ್ತು. ಹನ್ನೆರಡು ಅಲಗುಗಳ ಬರ್ ಸೆಕೆಂಡಿಗೆ 3,000 ಬಾರಿ ಕಚ್ಚುತ್ತದೆ, ಇಪ್ಪತ್ತನಾಲ್ಕು ಅಲಗುಗಳದ್ದು 6,000 ಬಾರಿ. ಅಲಗುಗಳು ಹೆಚ್ಚಿದಂತೆ ಪ್ರತಿ ಕಚ್ಚಿನ ತುರಿ ಸಣ್ಣದಾಗುತ್ತದೆ, ಮೇಲ್ಮೈ ನುಣುಪಾಗುತ್ತದೆ. ಹಾಗೆಯೇ ತೋಡೂ ಕಿರಿದಾಗಿ, ಕಿತ್ತ ತುರಿ ಹೊರಹೋಗಲು ಜಾಗ ಉಳಿಯುವುದಿಲ್ಲ.

ಅಕ್ರಿಲಿಕ್ಕಿಗೆ ಇದು ಜೀವನ್ಮರಣದ ಪ್ರಶ್ನೆ. ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಕ್ರಿಲಿಕ್ ಮೆತ್ತಗಾಗಲು ಶುರುವಾಗುತ್ತದೆ. ತುರಿ ಹೊರಹೋಗದೆ ತೋಡಿನಲ್ಲೇ ಸಿಕ್ಕಿಕೊಂಡರೆ ಅಲಗು ಮುಚ್ಚಿಹೋಗುತ್ತದೆ, ಮುಚ್ಚಿದ ಅಲಗು ಉಜ್ಜುತ್ತದೆ, ಉಜ್ಜಿದ ಜಾಗ ಕಾಯುತ್ತದೆ. ಆ ಹೊತ್ತಿಗೆ ಮೂಗಿಗೆ ಬಡಿಯುವ ಸಿಹಿಯೆನಿಸುವ ಘಾಟು ಲ್ಯಾಬಿನಲ್ಲಿ ಕೆಲಸ ಕಲಿತ ಯಾರಿಗೂ ಹೊಸದಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಕೆಳದವಡೆಯ ಸೆಟ್ಟೊಂದರ ಅಂಚನ್ನು ಲೋಹಕ್ಕೆಂದು ತಂದ ನುಣುಪು ಬರ್‌ನಿಂದ ತಿದ್ದಲು ಕೂತೆ. ಕೆಲಸ ನಿಧಾನವಾಯಿತೆಂದು ಒತ್ತಿದೆ. ಒತ್ತಿದಷ್ಟೂ ಬರ್ ಗುಲಾಬಿ ಮೇಣ ಮೆತ್ತಿದಂತೆ ಆಯಿತು. ಸೆಟ್ಟನ್ನು ಮಾದರಿಯ ಮೇಲೆ ಮತ್ತೆ ಕೂರಿಸಿದಾಗ ಹಿಂಬದಿಯ ಅಂಚು ಎದ್ದು ನಿಂತಿತ್ತು, ಅಡಿಯಲ್ಲಿ ಉಗುರು ತೂರುವಷ್ಟು ಸಂದು. ಆ ಸೆಟ್ಟನ್ನು ಮೊದಲಿನಿಂದ ಮಾಡಬೇಕಾಯಿತು. ಅಂದು ನನ್ನ ಕೈಯಲ್ಲಿದ್ದ ಬರ್ ಕೆಟ್ಟದಾಗಿರಲಿಲ್ಲ, ಅದರ ತೋಡು ಆ ಕೆಲಸಕ್ಕೆ ಸಾಲದಾಗಿತ್ತು.

ಆದ್ದರಿಂದ ಅಕ್ರಿಲಿಕ್ಕಿನ ಬರ್‌ಗೆ ಅಲಗು ಕಡಿಮೆ, ತೋಡು ಅಗಲ ಮತ್ತು ಆಳ, ಅಲಗಿನ ಮುಖ ಮುಂದಕ್ಕೆ ಬಾಗಿದ ಚೂಪು ಕೋನದಲ್ಲಿರಬೇಕು. ಲೋಹದ ಬರ್‌ಗೆ ಇದರ ತದ್ವಿರುದ್ಧ: ಅಲಗು ಹೆಚ್ಚು, ತೋಡು ಆಳವಿಲ್ಲದ್ದು, ಅಲಗಿನ ಮುಖ ನೆಟ್ಟಗೆ ಅಥವಾ ತುಸು ಹಿಂದಕ್ಕೆ ವಾಲಿದ್ದು. ಕಾರ್ಬೈಡ್ ಗಡಸು, ಆದರೆ ಪೆಡಸು. ಚೂಪಾದ ತೆಳು ಅಲಗನ್ನು ಕೋಬಾಲ್ಟ್-ಕ್ರೋಮ್‌ಗೆ ಹಿಡಿದರೆ ಅಂಚು ಸೀಳಿ ಉದುರುತ್ತದೆ. ಎರಡಕ್ಕೂ ಆಗಬೇಕೆಂದು ವಿನ್ಯಾಸ ಮಾಡುವವರು ನಡುವಿನ ಕೋನ, ನಡುವಿನ ಆಳ ಹಿಡಿಯುತ್ತಾರೆ. ಅಂಥ ಬರ್ ಲೋಹದಲ್ಲಿ ನಡೆಯುತ್ತದೆ, ಅಕ್ರಿಲಿಕ್ಕಿನಲ್ಲೂ ನಡೆಯುತ್ತದೆ. ಎರಡರಲ್ಲೂ ಕೈಗೆ ತೃಪ್ತಿಯಾಗುವುದಿಲ್ಲ.

ಇಲ್ಲಿ ಒಂದು ಜಾಣತನದ ವಿನ್ಯಾಸವನ್ನು ಮೆಚ್ಚಲೇಬೇಕು. ಓರೆ ಅಲಗುಗಳಿಗೆ ಅಡ್ಡಲಾಗಿ ಇನ್ನೊಂದು ಸಾಲು ಗೀರು ಹಾಕಿದ ಅಡ್ಡಗೀರಿನ ಬರ್ ಅದು. ಅಂಗಡಿಯಲ್ಲಿ ‘ಕ್ರಾಸ್ ಕಟ್’ ಎಂದರೆ ಕೊಡುತ್ತಾರೆ. ಅಡ್ಡಗೀರಿಲ್ಲದ ಅಲಗು ಲೋಹದಿಂದ ಸೂಜಿಯಂಥ ಉದ್ದ ತುರಿಗಳನ್ನು ಸೀಳಿ ತೆಗೆಯುತ್ತದೆ. ಅವು ಬೆರಳ ತುದಿಗೆ ಚುಚ್ಚಿಕೊಂಡರೆ ಕೀಳುವುದೇ ಕಷ್ಟ, ಕಣ್ಣಿಗೆ ಸಿಡಿದರೆ ಇನ್ನೂ ಕಷ್ಟ. ಅದಲ್ಲದೆ ಓರೆ ಅಲಗು ತಿರುಪಿನಂತೆ ವರ್ತಿಸಿ ಬರ್ ಅನ್ನು ಕೆಲಸದ ಮೇಲೆ ಎಳೆದುಕೊಂಡು ಹೋಗುತ್ತದೆ. ಅಡ್ಡಗೀರು ಹಾಕಿದಾಗ ಪ್ರತಿ ಅಲಗೂ ಸಣ್ಣ ಸಣ್ಣ ತುಂಡಾಗಿ, ತುರಿ ರವೆಯಂತೆ ಉದುರುತ್ತದೆ, ಕೈಗೆ ಹಿಡಿತ ಉಳಿಯುತ್ತದೆ, ಒತ್ತಡ ಕಡಿಮೆ ಸಾಕಾಗುತ್ತದೆ. ಮೇಲ್ಮೈ ಸ್ವಲ್ಪ ಒರಟಾಗಿ ಉಳಿಯುತ್ತದೆ ಎಂಬುದೊಂದೇ ಕೊರತೆ. ಮುಂದೆ ರಬ್ಬರ್ ಚಕ್ರ, ಪ್ಯೂಮಿಸ್ ಪುಡಿ ಹೇಗೂ ಇದ್ದೇ ಇವೆ. ಒಂದೇ ಬಗೆಯ ಅಲಗನ್ನು ಆರಿಸಿಕೊಳ್ಳಿ ಎಂದು ನನ್ನನ್ನು ಒತ್ತಾಯಿಸಿದರೆ ನಾನು ಮಧ್ಯಮ ಒರಟಿನ ಅಡ್ಡಗೀರನ್ನೇ ಆರಿಸುತ್ತೇನೆ.

ಒರಟುತನವನ್ನು ಬರ್‌ನ ಕುತ್ತಿಗೆಯ ಬಣ್ಣದ ಉಂಗುರ ಹೇಳುತ್ತದೆ: ಕಪ್ಪು ಅತಿ ಒರಟು, ಹಸಿರು ಒರಟು, ನೀಲಿ ಮಧ್ಯಮ, ಕೆಂಪು ನುಣುಪು, ಹಳದಿ ಮತ್ತು ಬಿಳಿ ಇನ್ನೂ ನುಣುಪು. ಡಬ್ಬಿಯ ಮೇಲೆ ಹದಿನೈದು ಅಂಕಿಗಳ ಐಎಸ್‌ಒ 6360 ಸಂಖ್ಯೆ ಇದ್ದರೆ ಅದನ್ನೂ ಓದಿ. ಮೂರು ಮೂರು ಅಂಕಿಗಳ ಐದು ಗುಂಪುಗಳು: ತಲೆಯ ವಸ್ತು, ದಂಡದ ಬಗೆ, ಆಕಾರ, ಅಲಗು ಅಥವಾ ಕಣದ ಬಗೆ, ಕೊನೆಗೆ ತಲೆಯ ಅಗಲ. ಮೊದಲಲ್ಲಿ 500 ಇದ್ದರೆ ಟಂಗ್‌ಸ್ಟನ್ ಕಾರ್ಬೈಡ್, 806 ಇದ್ದರೆ ಲೇಪನದ ವಜ್ರ. ಎರಡನೆಯ ಗುಂಪು 104 ಎಂದಿದ್ದರೆ ಲ್ಯಾಬಿನ ಹ್ಯಾಂಡ್‌ಪೀಸಿಗೆ (ಮೈಕ್ರೋಮೋಟರಿನ ಕೈಹಿಡಿಗೆ) ಕೂರುವ 2.35 ಮಿ.ಮೀ. ದಂಡ, ಕೊನೆಯಲ್ಲಿ 060 ಇದ್ದರೆ 6 ಮಿ.ಮೀ. ಅಗಲ. ಬೇರೆ ಬೇರೆ ತಯಾರಕರ ಬರ್‌ಗಳನ್ನು ಹೆಸರಿನಿಂದ ಹೋಲಿಸುವುದಕ್ಕಿಂತ ಈ ಸಂಖ್ಯೆಯಿಂದ ಹೋಲಿಸುವುದು ಎಷ್ಟೋ ಮೇಲು.

ಆಕಾರ: ನಿಜವಾದ ಬಹೂಪಯೋಗಿತ್ವ ಇಲ್ಲಿ

ಜೋಳದ ಕಡಕ್ ರೊಟ್ಟಿ ಕಡಿಯುವ ನಮ್ಮ ಹಿರಿಯರ ಸೆಟ್ಟುಗಳು ನಡುವೆ ಸೀಳಿ ದುರಸ್ತಿಗೆ ಬರುವುದು ಹೊಸದೇನಲ್ಲ. ಅಂಥ ಒಂದು ಮೇಲ್ದವಡೆಯ ಸೆಟ್ಟನ್ನು ಕಲ್ಪಿಸಿಕೊಂಡು ಅದರ ಮೇಲೆ ಬರ್‌ಗೆ ಇರುವ ಕೆಲಸ ಎಣಿಸಿ. ಸೀಳಿನ ಎರಡೂ ಅಂಚುಗಳನ್ನು ಓರೆಯಾಗಿ ತೆರೆಯಬೇಕು. ಹೊಸ ಅಕ್ರಿಲಿಕ್ ತುಂಬಿದ ಮೇಲೆ ಅಂಗುಳದ ತಗ್ಗನ್ನು ಸಮ ಮಾಡಬೇಕು. ಹೊರ ಅಂಚಿನ ದುಂಡು ಉಳಿಸಿಕೊಂಡು ಹೆಚ್ಚಾದದ್ದನ್ನು ತೆಗೆಯಬೇಕು. ತುಟಿಯ ಎಳೆ ಬಂದು ಸೇರುವಲ್ಲಿ ಕಿರಿದಾದ ಕಚ್ಚು ಬಿಡಬೇಕು. ಹಲ್ಲಿನ ಬುಡದ ಸಂದಿಗಳನ್ನು ಬಿಡಿಸಬೇಕು. ದುಂಡು ತುದಿಯ, ಬುಡದಲ್ಲಿ 6 ಮಿ.ಮೀ. ಅಗಲವಿದ್ದು ಮೇಲಕ್ಕೆ ಕಿರಿದಾಗುವ ಉದ್ದ ಬರ್ ಒಂದು ಇದರಲ್ಲಿ ಮೊದಲ ಮೂರನ್ನು ಚೆನ್ನಾಗಿಯೂ ನಾಲ್ಕನೆಯದನ್ನು ತಕ್ಕಮಟ್ಟಿಗೂ ಮಾಡುತ್ತದೆ. ಬದಿಯಿಂದ ಹರವಾದ ಜಾಗ, ತುದಿಯಿಂದ ಇಕ್ಕಟ್ಟು. ಮೊಟ್ಟೆಯಾಕಾರದ ಬರ್ ಅಂಗುಳಕ್ಕೆ ಇದಕ್ಕಿಂತ ಹಿತ, ಆದರೆ ಅಂಚಿಗೆ ಬಂದರೆ ಅಲೆಯಲೆಯಾಗಿ ತಗ್ಗು ಬಿಡುತ್ತದೆ. ನೇರ ಸಿಲಿಂಡರಿನ ಬರ್ ಅಂಚಿಗೆ ಸರಿ, ಅದರ ತುದಿಯ ಮೂಲೆ ಅಂಗುಳದಲ್ಲಿ ಗೀರು ಕೊರೆಯುತ್ತದೆ. ಹೀಗಾಗಿ ಕಿರಿದಾಗುವ ದುಂಡುತುದಿಗೇ ನನ್ನ ಮತ.

ಆದರೆ ಈ ಆಕಾರಕ್ಕೂ ಒಂದು ಒಳಗುಟ್ಟಿನ ದೌರ್ಬಲ್ಯವಿದೆ, ವಿನ್ಯಾಸ ಮಾಡುವವರು ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬರ್ ಒಂದೇ ವೇಗದಲ್ಲಿ ತಿರುಗಿದರೂ ಅದರ ಮೈಯ ಎಲ್ಲ ಭಾಗವೂ ಒಂದೇ ವೇಗದಲ್ಲಿ ಕತ್ತರಿಸುವುದಿಲ್ಲ. 15,000 ಸುತ್ತಿನಲ್ಲಿ 6 ಮಿ.ಮೀ. ಅಗಲದ ಬುಡ ಸೆಕೆಂಡಿಗೆ ಸುಮಾರು 4.7 ಮೀಟರ್ ವೇಗದಲ್ಲಿ ಸಾಗಿದರೆ, 2 ಮಿ.ಮೀ. ಅಗಲವಿರುವ ಮೇಲ್ಭಾಗ ಸಾಗುವುದು 1.6 ಮೀಟರ್ ಮಾತ್ರ. ಅಕ್ಷ ಹೊರಬರುವ ತುತ್ತತುದಿಯಲ್ಲಂತೂ ವೇಗ ಸೊನ್ನೆ. ಬರ್ ಅನ್ನು ನೆಟ್ಟಗೆ ಹಿಡಿದು ತುದಿಯಿಂದ ಚುಚ್ಚಿದರೆ ಅದು ಕತ್ತರಿಸುವುದಿಲ್ಲ, ಒತ್ತಿ ಸುಡುತ್ತದೆ ಎಂಬುದಕ್ಕೆ ಇದೇ ಕಾರಣ. ಒಳ್ಳೆಯ ವಿನ್ಯಾಸದಲ್ಲಿ ಎಲ್ಲ ಅಲಗುಗಳನ್ನೂ ತುದಿಯವರೆಗೆ ಎಳೆದು ಒಂದೇ ಬಿಂದುವಿನಲ್ಲಿ ಗಂಟು ಹಾಕಿರುವುದಿಲ್ಲ. ಎರಡೋ ಮೂರೋ ಅಲಗುಗಳನ್ನು ಮಾತ್ರ ಮುಂದುವರಿಸಿ ಉಳಿದವನ್ನು ಕೆಳಗೇ ನಿಲ್ಲಿಸಿ, ತುದಿಯಲ್ಲೂ ತುರಿಗೆ ದಾರಿ ಬಿಟ್ಟಿರುತ್ತಾರೆ. ಅಂಗಡಿಯಲ್ಲಿ ಬರ್ ಕೊಳ್ಳುವಾಗ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಅಲಗುಗಳು ಒಂದರ ಮೇಲೊಂದು ಬಿದ್ದು ಮಸುಕಾಗಿದ್ದರೆ ಕೆಳಗಿಡಿ. ಬಳಸುವಾಗ ಬರ್ ಅನ್ನು ವಾಲಿಸಿ, ತುದಿಯ ಪಕ್ಕದ ಭಾಗದಿಂದ ಕೆಲಸ ಮಾಡಿ.

ಹಲ್ಲಿನ ಬುಡದ ಸಂದಿಗೆ 2.3 ಮಿ.ಮೀ.ನ ಸಣ್ಣ ಬರ್ ಬೇರೆಯೇ ಬೇಕು. ದೊಡ್ಡ ಬರ್‌ನ ಬುಡದ ವೇಗವನ್ನು ಅದಕ್ಕೆ ಕೊಡಬೇಕಾದರೆ ಸುತ್ತು 39,000ದ ಹತ್ತಿರ ಹೋಗಬೇಕು. ಅಷ್ಟು ಬೇಡ, ಆದರೆ ದೊಡ್ಡದಕ್ಕಿಂತ ಚುರುಕಾಗಿ ತಿರುಗಿಸುವುದರಲ್ಲಿ ತಪ್ಪಿಲ್ಲ. ದೊಡ್ಡ ತಲೆಯ ಬರ್ ಅನ್ನು ಡಬ್ಬಿಯ ಮೇಲೆ ಬರೆದ ಗರಿಷ್ಠ ಮಿತಿ ದಾಟಿಸುವುದು ಮಾತ್ರ ಅಪಾಯ.

ದಂಡ, ಬೆಸುಗೆ, ಅಲುಗಾಟ

ಹೆಚ್ಚಿನ ಕಾರ್ಬೈಡ್ ಬರ್‌ಗಳಲ್ಲಿ ತಲೆ ಮಾತ್ರ ಕಾರ್ಬೈಡ್, ದಂಡ ಉಕ್ಕು. ಎರಡನ್ನೂ ಬೆಸುಗೆಯಿಂದ ಕೂಡಿಸಿರುತ್ತಾರೆ. ಇದು ಕಂಜೂಸುತನವಲ್ಲ, ಸರಿಯಾದ ವಿನ್ಯಾಸವೇ: ಪೆಡಸಾದ ಕಾರ್ಬೈಡ್ ದಂಡ ಬಗ್ಗುವ ಬದಲು ಮುರಿಯುತ್ತದೆ, ಉಕ್ಕು ಅಷ್ಟಿಷ್ಟು ತಾಳಿಕೊಳ್ಳುತ್ತದೆ. ಆದರೆ ಬೆಸುಗೆ ಕೆಟ್ಟದ್ದಾದರೆ ಎಲ್ಲವೂ ಕೆಟ್ಟಿತು. ಕೆಲವು ವರ್ಷಗಳ ಹಿಂದೆ ಊರಿಗೆ ಬಂದ ಮಾರಾಟಗಾರರೊಬ್ಬರಿಂದ ‘ಎಲ್ಲಕ್ಕೂ ಒಂದೇ’ ಎಂಬ ಬರ್‌ಗಳನ್ನು ಅಗ್ಗಕ್ಕೆ ಕೊಂಡೆ. ಎರಡನೆಯ ವಾರ ಎರಕದ ಚೌಕಟ್ಟಿನ ಸ್ಪ್ರೂ (ಕರಗಿದ ಲೋಹ ಹರಿದುಬಂದ ದಾರಿಯ ಕಡ್ಡಿ) ಬುಡವನ್ನು ಸಮ ಮಾಡುತ್ತಿದ್ದಾಗ ಒಂದರ ತಲೆ ಕಿತ್ತು ಹಾರಿ, ನನ್ನ ಎದುರಿನ ಗಾಜಿನ ಅಡ್ಡಪರದೆಗೆ ಬಡಿಯಿತು. ಪರದೆಯ ಮೇಲಿನ ಆ ಸಣ್ಣ ನಕ್ಷತ್ರದ ಗುರುತು ಇವತ್ತಿಗೂ ಇದೆ. ಕೈಯಲ್ಲಿ ಉಳಿದ ದಂಡದ ತುದಿಯಲ್ಲಿ ಬೆಸುಗೆ ಅರ್ಧ ಭಾಗಕ್ಕೆ ಮಾತ್ರ ಹಿಡಿದಿದ್ದು ಕಾಣುತ್ತಿತ್ತು.

ಹೊಸ ಬರ್ ತಂದ ದಿನ ನಾನು ಮಾಡುವ ಪರೀಕ್ಷೆ ಸರಳ. ಹ್ಯಾಂಡ್‌ಪೀಸಿಗೆ ಹಾಕಿ, ಟ್ಯೂಬ್‌ಲೈಟಿಗೆ ಎದುರು ಹಿಡಿದು, ಅತ್ಯಂತ ನಿಧಾನ ವೇಗದಲ್ಲಿ ತಿರುಗಿಸುತ್ತೇನೆ. ತುದಿ ಒಂದೇ ಗೆರೆಯಾಗಿ ನಿಂತರೆ ಸರಿ. ಎರಡಾಗಿ ಕಂಡರೆ ಅಲುಗಾಟವಿದೆ. ಅಲುಗುವ ಬರ್‌ನಲ್ಲಿ ಎಲ್ಲ ಅಲಗುಗಳ ಬದಲು ಒಂದು ಬದಿಯ ಎರಡು ಮೂರು ಅಲಗುಗಳೇ ಹೊಡೆತ ತಿನ್ನುತ್ತವೆ, ಬೇಗ ಮೊಂಡಾಗುತ್ತವೆ, ಸಂಜೆಯ ಹೊತ್ತಿಗೆ ಹೆಬ್ಬೆರಳು ಜೋಮು ಹಿಡಿಯುತ್ತದೆ. ಇನ್ನೊಂದು ಬರ್ ಹಾಕಿದರೂ ಹಾಗೇ ಕಂಡರೆ ತಪ್ಪು ಬರ್‌ನದಲ್ಲ, ಹ್ಯಾಂಡ್‌ಪೀಸಿನಲ್ಲಿ ದಂಡವನ್ನು ಹಿಡಿಯುವ ಚಕ್‌ನದು. ಅದನ್ನು ಸರಿಪಡಿಸದೆ ದುಬಾರಿ ಬರ್ ಕೊಳ್ಳುವುದು ವ್ಯರ್ಥ. ಎಡಗೈಯವರು ಕೆಲಸಕ್ಕಿದ್ದರೆ ಇನ್ನೊಂದು ವಿಷಯ ನೆನಪಿರಲಿ: ಸಾಮಾನ್ಯ ಬರ್ ಅನ್ನು ಮೋಟರಿನ ಹಿಂದುಮುಂದು ಸ್ವಿಚ್ ಒತ್ತಿ ತಿರುಗುಮುರುಗಾಗಿ ಓಡಿಸಿದರೆ ಅಲಗಿನ ಬೆನ್ನು ಉಜ್ಜುತ್ತದೆ, ಅವರಿಗೆಂದೇ ಅಲಗಿನ ದಿಕ್ಕು ತಿರುಗಿಸಿದ ಬರ್‌ಗಳು ಸಿಗುತ್ತವೆ.

ಒಂದೋ, ಹಲವೋ

ಒಂದೇ ಬರ್ ಅನ್ನು ಲೋಹಕ್ಕೂ ಅಕ್ರಿಲಿಕ್ಕಿಗೂ ಬಳಸಬಾರದು ಎಂದೆ. ಅಲಗಿನ ಕೋನದ ಕಾರಣ ಮೇಲೆ ಹೇಳಿಯಾಯಿತು. ಅದಕ್ಕಿಂತ ದೊಡ್ಡ ಕಾರಣ ಕೊಳೆ. ತೋಡಿನಲ್ಲಿ ಉಳಿದ ಲೋಹದ ಪುಡಿ ದುರಸ್ತಿಯ ಓರೆ ಅಂಚಿಗೆ ಮೆತ್ತಿಕೊಂಡರೆ, ತುಂಬಿದ ಹೊಸ ಅಕ್ರಿಲಿಕ್ ಹಳೆಯದಕ್ಕೆ ಕೂಡುವ ಜಾಗದಲ್ಲಿ ಬೂದು ಗೆರೆಯೊಂದು ಮೂಡುತ್ತದೆ. ಪಾಲಿಶ್ ಮಾಡಿದಷ್ಟೂ ಅದು ಎದ್ದು ಕಾಣುತ್ತದೆ, ಕೂಡುವಿಕೆಯೂ ದುರ್ಬಲವಾಗುತ್ತದೆ. ಅಕ್ರಿಲಿಕ್ ಮೆತ್ತಿದ ಬರ್ ಅನ್ನು ಪಿಂಗಾಣಿ ಏರಬೇಕಾದ ಲೋಹಕ್ಕೆ ಹಿಡಿದರೂ ಇಂಥದ್ದೇ ಇನ್ನೊಂದು ಕೇಡು.

ಹಾಗಾಗಿ ಹೊಸದಾಗಿ ಲ್ಯಾಬ್ ತೆರೆಯುವವರಿಗೆ, ಧಾರವಾಡದ ಸತ್ತೂರಿನ ದಂತ ಕಾಲೇಜಿನಂಥಲ್ಲಿ ಕಲಿತು ಹಾವೇರಿಯಲ್ಲೋ ಗದಗಿನಲ್ಲೋ ಸಣ್ಣದಾಗಿ ಶುರುಮಾಡುವವರಿಗೆ, ನಾನು ಹೇಳುವುದು ಹೀಗೆ. ಕಿರಿದಾಗುವ ದುಂಡುತುದಿಯ 6 ಮಿ.ಮೀ. ಅಡ್ಡಗೀರಿನ ಬರ್ ಅನ್ನು ಹಸಿರು ಉಂಗುರದ್ದು ಅಕ್ರಿಲಿಕ್ಕಿಗೆ, ಅದೇ ಆಕಾರದ 4 ಮಿ.ಮೀ.ನದನ್ನು ನೀಲಿ ಉಂಗುರದ್ದು ಲೋಹಕ್ಕೆ ಕೊಳ್ಳಿ. ಒಂದೇ ಆಕಾರವಾದ್ದರಿಂದ ಕೈಯ ಅಭ್ಯಾಸ ಒಂದೇ ಇರುತ್ತದೆ. ಹೊಸಬರಿಗೆ ಕಲಿಸುವುದೂ ಸುಲಭ. ಸಂದಿಗಳಿಗೆ 2.3 ಮಿ.ಮೀ.ನದು ಎರಡು, ಒಂದೊಂದು ವಸ್ತುವಿಗೆ ಒಂದೊಂದು. ಪಿಂಗಾಣಿ ಕೆಲಸ ಇದ್ದರೆ ಮಾತ್ರ ಸಿಂಟರ್ ವಜ್ರ. ಹಸಿ ಪ್ಲಾಸ್ಟರಿಗೆ ಅತಿ ಅಗಲ ತೋಡಿನ ಬೇರೆ ಬರ್ ಇದೆ. ಮಾದರಿಯನ್ನು ಒಣಗಲು ಬಿಡುವ ಅಭ್ಯಾಸವಿದ್ದರೆ ಅದಿಲ್ಲದೆಯೂ ನಡೆಯುತ್ತದೆ. ಟೈಟಾನಿಯಂ ಕೆಲಸ ಬಂದರೆ ಅದಕ್ಕೆಂದೇ ಪ್ರತ್ಯೇಕ ಬರ್, ತಗ್ಗಿದ ವೇಗ, ಹಗುರ ಕೈ. ಆ ಲೋಹ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಅದರ ಪುಡಿ ಕಿಡಿಗೆ ಹೊತ್ತಿಕೊಳ್ಳುವಂಥದ್ದು.

ಯಾವ ಬರ್ ಆದರೂ ಪುಡಿ ಎಳೆಯುವ ಸಕ್ಷನ್ ಮತ್ತು ಕನ್ನಡಕ ಇಲ್ಲದೆ ಕೂರಬೇಡಿ. ಕೋಬಾಲ್ಟಿನ ಪುಡಿ ಶ್ವಾಸಕೋಶಕ್ಕೆ ಮಾಡುವ ಹಾನಿ ನಿಧಾನವಾದದ್ದು, ಹಿಂತಿರುಗಿಸಲಾಗದ್ದು. ಕೆಲವು ನಿಕಲ್-ಕ್ರೋಮ್ ಲೋಹಗಳಲ್ಲಿ ಬೆರಿಲಿಯಂ ಇರುತ್ತದೆ, ಅದು ಇನ್ನೂ ಕ್ರೂರ. ಲೋಹದ ಪೊಟ್ಟಣದ ಮೇಲೆ ಬರೆದ ಮಿಶ್ರಣವನ್ನು ಓದಿ, ಬೆರಿಲಿಯಂ ಇಲ್ಲದ್ದನ್ನೇ ತರಿಸಿ.

ನಮ್ಮ ಮೇಜಿನಲ್ಲಿ ಬರ್‌ಗಳಿಗೆ ಎರಡು ಮರದ ಹಲಗೆಗಳಿವೆ, ತೂತು ಕೊರೆದು ದಂಡ ನಿಲ್ಲಿಸಿದವು. ಗುಲಾಬಿ ಬಳಿದದ್ದು ಅಕ್ರಿಲಿಕ್ಕಿಗೆ, ಬೂದು ಬಳಿದದ್ದು ಲೋಹಕ್ಕೆ. ಗುಲಾಬಿ ಹಲಗೆಯ ಬರ್ ಮೊಂಡಾದರೆ ಅದು ಪ್ಲಾಸ್ಟರಿನ ಡಬ್ಬಿಗೆ ಇಳಿಯುತ್ತದೆ, ಅಲ್ಲಿ ಇನ್ನೂ ಒಂದೆರಡು ವರ್ಷ ದುಡಿಯುತ್ತದೆ. ಬೂದು ಹಲಗೆಯದು ಮೊಂಡಾದರೆ ಗುಲಾಬಿಗೂ ಹೋಗುವುದಿಲ್ಲ, ಪ್ಲಾಸ್ಟರಿಗೂ ಹೋಗುವುದಿಲ್ಲ. ಕಾರ್ಬೈಡ್ ಗುಜರಿಗೆ ತೂಕದ ಮೇಲೆ ಬೆಲೆ ಇರುವುದರಿಂದ ಅದನ್ನು ಗಾಜಿನ ಭರಣಿಯಲ್ಲಿ ಕೂಡಿಡುತ್ತೇವೆ.